ಜಾಡಿಸಿದ ಉಡಿ

ಹೆಬ್ಬೆಟ್ಟಿನ ಮಸಿಡಬ್ಬಿಯನ್ನು ಈಶಪ್ಪ ಸಾಹುಕಾರ ಮೂರನೇ ಸಲ ಮೇಜಿನ ಈಚೆಗೆ ತಳ್ಳಿದ. ಮೋನಮ್ಮ ಮೂರನೇ ಸಲವೂ ಅದನ್ನು ಒಂದೇ ಬೆರಳಿನಿಂದ ಆಚೆಗೆ ತಳ್ಳಿದಳು. ಇಬ್ಬರ ನಡುವೆ ರಾಜಿ ಮಾಡಿಸಲು ಕುಳಿತಿದ್ದ ಕಾರ್ಮಿಕ ಇಲಾಖೆಯ ನಸೀರುದ್ದೀನ ಸಾಹೇಬರು ಆ ಡಬ್ಬಿಯ ಓಡಾಟ ನೋಡಿ ನೋಡಿ ಕನ್ನಡಕ ತೆಗೆದು ಒರೆಸಿಕೊಂಡರು.

"ಮೂರು ತಿಂಗಳ ಪಗಾರ ಕೊಡಾಕತ್ತೀನಿ ಸಾಹೇಬ್ರ, ಅದರ ಮ್ಯಾಲ ಒಂದು ಪೈಸಾ ಇಲ್ಲ," ಎಂದ ಈಶಪ್ಪ. "ನಮ್ಮ ಗಿರಣಿ ಮಾಲಕರ ಸಂಘದ ಠರಾವು ಅದ. ಯಾರನ್ನ ತೆಗೆದ್ರೂ ಪರಿಹಾರ ಮೂರು ತಿಂಗಳಿಂದು. ಒಂದು ವರ್ಷ ದುಡಿದಾಕಿಗೂ ಅಷ್ಟೇ, ಹದಿನಾಲ್ಕು ವರ್ಷ ದುಡಿದಾಕಿಗೂ ಅಷ್ಟೇ. ಮಿತಿ ಅಂದ್ರ ಮಿತಿ."

"ದುಡಿಸಿಕೊಳ್ಳಾಕ ಮಿತಿ ಇರಲಿಲ್ಲಲ್ರಿ ಸಾವ್ಕಾರ್ರ," ಎಂದಳು ಮೋನಮ್ಮ. "ಹೊತ್ತು ಮುಳುಗಿದ್ರೂ ಲಾರಿ ತುಂಬೋತನ ನಿಂದ್ರು ಅಂತಿದ್ರಿ."

ಕಾಲುವೆ ನೀರು ಬಂದು ಶಹಾಪುರದ ಸುತ್ತಲಿನ ಜೋಳದ ಹೊಲಗಳೆಲ್ಲ ಭತ್ತದ ಗದ್ದೆಯಾದಾಗ ಎದ್ದ ಅಕ್ಕಿ ಗಿರಣಿ ಅದು. ಗಂಡ ಸತ್ತ ವರ್ಷವೇ ಮೋನಮ್ಮ ಅಲ್ಲಿ ಕಸಬರಿಗೆ ಹಿಡಿದಳು. ಯಂತ್ರದ ಬುಡದಲ್ಲಿ ಹೊಟ್ಟು, ಮಣ್ಣು ಬೆರೆತು ಬೀಳುವ ನುಚ್ಚು ಕಸ ಹೊಡೆದವಳ ಪಾಲು ಎಂಬುದು ಈಶಪ್ಪನ ಅಪ್ಪನ ಕಾಲದ ರೂಢಿ. ಮುದುಕ ಕಣ್ಣು ಮುಚ್ಚಿದ. ಮಗ ರೂಢಿ ಮುರಿದ, ಮುರಿದದ್ದನ್ನು ಬಾಯಿಬಿಟ್ಟು ಯಾರಿಗೂ ಹೇಳಲಿಲ್ಲ. ಕಸದ ನುಚ್ಚಿಗೂ ದೊಣ್ಣೆನಾಯಕನ ಅಪ್ಪಣೆ ಬೇಕೆಂದು ಮೋನಮ್ಮನಿಗಾದರೂ ಹೇಗೆ ಗೊತ್ತಾಗಬೇಕು! ಒಂದು ಸಂಜೆ ಗಿರಣಿಯ ಗೇಟಿನಲ್ಲಿ, ಹಮಾಲರು, ಲಾರಿಯವರು, ಜೊತೆಯ ಹೆಂಗಸರೆಲ್ಲ ನೋಡುತ್ತಿರುವಾಗ, "ಉಡಿ ಜಾಡಿಸು" ಅಂದ ಈಶಪ್ಪ. ಜಾಡಿಸಿದಳು. ಎರಡು ಹಿಡಿ ನುಚ್ಚು ಕೆಳಗೆ ಬಿತ್ತು. ಕಳ್ಳಿ ಅಂದ, ನಾಳೆಯಿಂದ ಬರಬೇಡ ಅಂದ.

ಕೆಲಸ ಹೋದರೆ ಇನ್ನೊಂದು ಕೆಲಸ, ರಟ್ಟೆಯಲ್ಲಿ ಕಸುವಿತ್ತು. ಆದರೆ ಕಳ್ಳಿ ಎಂಬ ಆ ಮಾತು ಅವಳಿಗಿಂತ ಮುಂದೆ ಊರೂರು ನಡೆಯಿತು. ರಾಮಸಮುದ್ರಕ್ಕೆ ಮಗಳನ್ನು ನೋಡಲು ಹೋದರೆ ಬೀಗತಿ ಮೊದಲು ಕಾಳಿನ ಕೋಣೆಗೆ ಬೀಗ ಹಾಕಿದಳು, ಆಮೇಲೆ ನಗುನಗುತ್ತ ಊಟಕ್ಕೆ ಕರೆದಳು. ಅವತ್ತು ಮೋನಮ್ಮ ಆ ಮನೆಯ ರೊಟ್ಟಿ ಮುಟ್ಟಲಿಲ್ಲ. ಅಳುವೂ ಬರಲಿಲ್ಲ, ಸಿಟ್ಟು ಬಂತು. ಮರುದಿನವೇ ಬಸ್ಸು ಹತ್ತಿ ಈ ಆಫೀಸಿಗೆ ಬಂದು ಅರ್ಜಿ ಕೊಟ್ಟಿದ್ದಳು.

"ನೋಡವ್ವಾ," ಎಂದರು ಸಾಹೇಬರು, "ಇಲ್ಲಿ ರಾಜಿ ಆಗಲಿಲ್ಲಂದ್ರ ಫೈಲು ಕೋರ್ಟಿಗಿ ಹೋಗ್ತದ. ಅಲ್ಲಿ ಎಷ್ಟು ವರ್ಷ ಹಿಡೀತದೋ ಆ ಅಲ್ಲಾನೇ ಬಲ್ಲ."

"ಈ ಕಾಗದದಾಗ ಏನು ಬರದದರಿ?"

"ಮೂರು ತಿಂಗಳ ಪಗಾರ ಮುಟ್ಟಿತು, ಇನ್ನ ಯಾವ ತಕರಾರೂ ಇಲ್ಲ ಅಂತ."

"ನಾ ಕಳ್ಳಿ ಅಲ್ಲ ಅಂತ ಬರದದೇನ್ರಿ?"

ಸಾಹೇಬರು ಕಾಗದವನ್ನು ಹಿಂದೆ ಮುಂದೆ ತಿರುವಿ ನೋಡಿದರು. ಎಲ್ಲೂ ಬರೆದಿರಲಿಲ್ಲ.

"ಹಂಗಾದ್ರ ಆ ರೊಕ್ಕ ಅವರೇ ಇಟ್ಕೊಳ್ಳಲಿ," ಎಂದು ಮೋನಮ್ಮ ಎದ್ದು ನಿಂತಳು. "ನನಗ ಬ್ಯಾರೇದು ಬೇಕ್ರಿ. ಜಾಡಿಸಿದ ಗೇಟಿನಾಗೇ, ಅದೇ ಹೊತ್ತಿನಾಗ, ಅದೇ ಮಂದಿ ಮುಂದ ನನ್ನ ಉಡಿ ತುಂಬಲಿ. ಸಾವ್ಕಾರ್ರು ಖುದ್ದು ನಿಂತು, ಮನಿಯವರ ಕೈಲೆ ತುಂಬಸಲಿ. ಐದು ಬೊಗಸಿ ಅಕ್ಕಿ, ಒಂದು ಕಾಯಿ, ಒಂದು ಖಣ. ಆಮ್ಯಾಲ ಎಲ್ಲಿ ಅಂತೀರಿ ಅಲ್ಲಿ ಹೆಬ್ಬೆಟ್ಟು ಒತ್ತತೀನಿ."

ಸಾಹೇಬರ ಮುಖ ಅರಳಿತು. ಇಷ್ಟು ಅಗ್ಗದ ರಾಜಿಯನ್ನು ಅವರು ತಮ್ಮ ನೌಕರಿಯಲ್ಲೇ ಕಂಡಿರಲಿಲ್ಲ. "ನಿಮ್ಮ ಠರಾವಿನ ಮಿತಿಯೊಳಗೇ ಬಂತಲ್ರಿ ಸಾವ್ಕಾರ್ರ! ಮುಗಸ್ರಿ."

ಸಾಹುಕಾರನ ಮುಖ ಮಾತ್ರ ಕೆಂಪಗಾಯಿತು. ಕಾಲುವೆ ತಂದ ಭತ್ತದಲ್ಲಿ ಬೆಳೆದ ಹೊಟ್ಟೆಯನ್ನು ಒಮ್ಮೆ ಸವರಿಕೊಂಡ. "ನಾಕು ತಿಂಗಳಿಂದು ತಗೋ," ಎಂದ.

ಮೋನಮ್ಮ ಮಸಿಡಬ್ಬಿಯನ್ನು ಇನ್ನಷ್ಟು ಆಚೆಗೆ ತಳ್ಳಿದಳು.

"ಆರು ತಿಂಗಳಿಂದು ತಗೊಂಡು ಹಾಳಾಗಿ ಹೋಗು!"

"ಠರಾವು ಎಲ್ಲಿ ಹೋತ್ರಿ?" ಎಂದಳು ಮೋನಮ್ಮ. ಅವಳಿಗೆ ನಗು ಬಂತು, ತಡೆದುಕೊಳ್ಳಲಿಲ್ಲ. ಹದಿನಾಲ್ಕು ವರ್ಷದಲ್ಲಿ ಸಾಹುಕಾರನ ಎದುರು ಅವಳು ನಕ್ಕಿದ್ದು ಅದೇ ಮೊದಲು.

ಆ ನಗು ಈಶಪ್ಪನನ್ನು ಕುರ್ಚಿಯಿಂದ ಎಬ್ಬಿಸಿತು. ಕೈಗೆ ಸಿಕ್ಕ ಕೊನೆಯ ಕಲ್ಲನ್ನೇ ಎತ್ತಿ ಒಗೆದ. "ಏನು ಕೇಳಾಕತ್ತೀ ಅಂತ ಖಬರ್ ಅದ ಏನು ನಿನಗ? ಗಂಡ ಸತ್ತಾಕಿಗಿ ಯಾರರ ಉಡಿ ತುಂಬತಾರೇನು? ಯಾವ ಊರಾಗ ಅದ ಇಂಥಾ ಪದ್ಧತಿ?"

ಸಾಹೇಬರು ತಲೆ ತಗ್ಗಿಸಿದರು. ಮೋನಮ್ಮ ಸೊಂಟಕ್ಕೆ ಸಿಕ್ಕಿಸಿದ್ದ ಸೆರಗನ್ನು ಬಿಚ್ಚಿ, ಎರಡೂ ಕೈಯಲ್ಲಿ ಅಗಲಿಸಿ, ಸಾಹುಕಾರನ ಎದೆಮಟ್ಟಕ್ಕೆ ಚಾಚಿ ಹಿಡಿದಳು.

"ಜಾಡಿಸು ಅಂದ ದಿನ ಕೇಳಿದ್ರೇನ್ರಿ ಸಾವ್ಕಾರ್ರ, ನಾ ಮುತ್ತೈದಿನೋ, ಗಂಡ ಸತ್ತಾಕಿನೋ ಅಂತ?"

ಈಶಪ್ಪ ಕಿಟಕಿಯ ಕಡೆ ನೋಡಿದ. ನಸೀರುದ್ದೀನ ಸಾಹೇಬರು ಮಸಿಡಬ್ಬಿಯ ಮುಚ್ಚಳ ಹಾಕಿ, ಫೈಲನ್ನು ಹತ್ತಿರ ಎಳೆದುಕೊಂಡು, ರಾಜಿ ಆಗಿಲ್ಲವೆಂದು ಬರೆಯತೊಡಗಿದರು. ಅವರು ಬರೆದು, ಸಹಿ ಹಾಕಿ, ಠಸ್ಸೆ ಒತ್ತುವವರೆಗೂ ಮೋನಮ್ಮ ಚಾಚಿದ ಉಡಿಯನ್ನು ಇಳಿಸಲಿಲ್ಲ.