ಕೋಳಿ ಸುಕ್ಕದ ದಿನ

ದ್ವೀಪಗಳ ಕಡೆಗೆ ಹೊರಟ ಹಡಗಿನಲ್ಲಿ ಮೊದಲ ದಿನ ಎರಡು ಹೊತ್ತೂ ಗಂಜಿ. ಮಂಡ್ಯದಿಂದ ಬಂದು ಮೊದಲ ಸಲ ಹಡಗು ಹತ್ತಿದ್ದ ಬೋರಲಿಂಗಯ್ಯನಿಗೆ ತಂಗಾಳಿ, ನೀಲಿ ನೀರು, ಪಕ್ಕದಲ್ಲೇ ಹಾರುವ ಮೀನು ಎಲ್ಲವೂ ಹಿಡಿಸಿತ್ತು, ಊಟವೊಂದನ್ನು ಬಿಟ್ಟು.

"ನಾವೇನು ಜ್ವರ ಬಂದೋರೇನಪ್ಪಾ?" ಎಂದು ಅಡುಗೆಯವನನ್ನು ದಬಾಯಿಸಿದ.

"ನಾಳೆ ಕೋಳಿ ಸುಕ್ಕ, ಮೀನು ಫ್ರೈ, ಪಾಯಸ ಉಂಟು ಮಾರಾಯ್ರೆ. ಎಷ್ಟು ಬೇಕಾದ್ರೂ ತಿನ್ನಿ."

ಬೋರಲಿಂಗಯ್ಯ ಮರುದಿನ ಬೆಳಗಿನ ತಿಂಡಿಯನ್ನೂ ಬಿಟ್ಟು ಕಾದ. ಹನ್ನೊಂದಕ್ಕೆ ಗಾಳಿ ಎದ್ದಿತು. ಊಟದ ಗಂಟೆ ಹೊಡೆಯುವ ಹೊತ್ತಿಗೆ ಹಡಗು ತೊಟ್ಟಿಲಿನಂತೆ ತೂಗುತ್ತಿತ್ತು; ಪ್ರಯಾಣಿಕರೆಲ್ಲ ಬಕೆಟ್ ಅಪ್ಪಿಕೊಂಡು ಮಲಗಿದ್ದರು. ಅವನೊಬ್ಬ ಗೋಡೆ ಹಿಡಿದುಕೊಂಡು ಹೇಗೋ ಅಡುಗೆಮನೆಯ ಬಾಗಿಲಿಗೆ ಬಂದ. ಕೋಳಿಯ ವಾಸನೆಗೇ ಹೊಟ್ಟೆ ತೊಳಸಿತು. ಒಳಗೆ ಹಡಗಿನ ಕೆಲಸದವರೆಲ್ಲ ಸಾಲಾಗಿ ಕೂತು ಕೋಳಿ ಕಾಲು ಕಡಿಯುತ್ತಿದ್ದರು.

"ಗಾಳಿ ಬರೋದು ನಿಂಗೆ ಮೊದ್ಲೇ ಗೊತ್ತಿತ್ತಾ?"

"ಕ್ಯಾಪ್ಟನ್ ನಿನ್ನೆಯೇ ಹೇಳಿದ್ರು," ಎಂದ ಅಡುಗೆಯವನು. "ಸಮುದ್ರ ಸುಮ್ಮನಿದ್ದ ದಿನ ಕೋಳಿ ಮಾಡಿದ್ರೆ ನಮಗೆಲ್ಲಿ ಉಳೀತದೆ ಮಾರಾಯ್ರೆ?"

ಬೋರಲಿಂಗಯ್ಯ ಬಾಗಿಲನ್ನು ಇನ್ನಷ್ಟು ಬಿಗಿಯಾಗಿ ಹಿಡಿದ.

"ಹಂಗಾದ್ರೆ ನಾಳೆ ಏನಪ್ಪಾ ಅಡುಗೆ?"

"ಗಂಜಿ."

ಬೋರಲಿಂಗಯ್ಯನಿಗೆ ಹೋದ ಜೀವ ಬಂದಂತಾಯಿತು.