ಇಲಿಗೆ ಕೊಟ್ಟ ಮೈಬಿಸಿ

ವಿದ್ಯುತ್ತಿನಿಂದ ಏನನ್ನೂ ಬಿಸಿ ಮಾಡಲಾಗದ ಕಾಲ ಬಂದ ಮೇಲೆ, ಧಾರವಾಡದ ಪ್ರಯೋಗಾಲಯವೊಂದರಲ್ಲಿ ಇಲಿಗಳಿಗೆ ಶಾಖ ಕೊಡುವ ಕೆಲಸ ಫಕೀರವ್ವನದಾಯಿತು. ಅರಿವಳಿಕೆ ಕೊಟ್ಟ ಇಲಿ ತನ್ನ ಮೈಬಿಸಿಯನ್ನು ತಾನೇ ಉಳಿಸಿಕೊಳ್ಳಲಾರದು. ಹಾಗಾಗಿ ಒಬ್ಬರ ಮೈಬಿಸಿಯನ್ನು ಎಳೆದು ಇನ್ನೊಬ್ಬರಿಗೆ ಕೊಡುವ ಪಟ್ಟಿಯ ಒಂದು ತುದಿಯನ್ನು ಅದರ ಹೊಟ್ಟೆಗೂ ಇನ್ನೊಂದನ್ನು ತನ್ನ ಮಣಿಕಟ್ಟಿಗೂ ಸುತ್ತಿ, ಅದು ಎಚ್ಚರಾಗುವವರೆಗೆ ಅವಳು ಪಕ್ಕದಲ್ಲಿ ಕೂರುತ್ತಿದ್ದಳು.

ಅಂದು ಶಸ್ತ್ರಚಿಕಿತ್ಸೆ ಮುಗಿದು ಎರಡು ತಾಸಾದರೂ ಇಲಿ ಕಣ್ಣು ಬಿಡಲಿಲ್ಲ. ಅದರ ಮೈ ಮೂವತ್ತೇಳು ಡಿಗ್ರಿಯಲ್ಲೇ ಇತ್ತು. ಫಕೀರವ್ವನದು ಮೂವತ್ತೈದಕ್ಕೆ ಇಳಿದು, ತುಟಿ ನೀಲಿಗಟ್ಟಿತ್ತು.

"ಪಟ್ಟಿ ಬಿಚ್ಚರಿ ಫಕೀರವ್ವ. ಮೂವತ್ತೈದಕ್ಕ ಇಳಿದ್ರ ಬಿಚ್ಚಬೇಕು, ನಿಯಮ ಗೊತ್ತದಲ್ಲ?" ಎಂದರು ಶಸ್ತ್ರಚಿಕಿತ್ಸೆ ಮಾಡಿದ್ದ ಡಾಕ್ಟರ್ ಅನಸೂಯಾ.

"ಬಿಚ್ಚಿದ್ರ ಸಾಯ್ತೈತ್ರಿ ಇದು. ಇನ್ನೂ ಉಸಿರು ಐತಿ."

"ನಿಮಗೇನರೆ ಆದ್ರ?"

ಫಕೀರವ್ವ ಪಟ್ಟಿಯನ್ನು ಬಿಗಿಯಾಗಿ ಹಿಡಿದುಕೊಂಡಳು.

ಅನಸೂಯಾ ಅವಳ ಪಕ್ಕದಲ್ಲಿ ಬಂದು ಕೂತರು. ಆಮೇಲೆ ಕೈಗವಸು ಕಳಚಿ, ಪಟ್ಟಿಯನ್ನು ಅವಳ ಕೈಯಿಂದ ಬಿಡಿಸಿ ತಮ್ಮ ಮಣಿಕಟ್ಟಿಗೆ ಕಟ್ಟಿಕೊಂಡರು. ಹತ್ತು ವರ್ಷ ಅವರು ನೋಡಿದ್ದು ಪರದೆಯ ಮೇಲಿನ ಮೈಬಿಸಿಯ ಅಂಕಿಯನ್ನು ಮಾತ್ರ. ಈಗ ಚಳಿ ಮೊಣಕೈ ದಾಟಿ ಎದೆಗೇರಿತು, ಹಲ್ಲು ಕಟಕಟಿಸಿದವು.

"ದಿನಾ ಹಿಂಗ ಆಗ್ತದೇನ್ರಿ ನಿಮಗ?"

"ಮೊದಲ ಅರ್ಧ ತಾಸು ಹಿಂಗರಿ. ಆಮ್ಯಾಲ ರೂಢಿ ಆಗ್ತೈತಿ." ಫಕೀರವ್ವ ತಾನು ಹೊದ್ದ ಕಂಬಳಿಯ ಅರ್ಧವನ್ನು ಅವರ ಹೆಗಲಿಗೆ ಹೊದಿಸಿದಳು.

ಮಧ್ಯಾಹ್ನದ ಹೊತ್ತಿಗೆ, ಇಲಿ ಇನ್ನೂ ಕಣ್ಣು ಮುಚ್ಚಿಕೊಂಡಿರುವಾಗಲೇ, ಅನಸೂಯಾ ಬೆಚ್ಚಿ ತಮ್ಮ ಮಣಿಕಟ್ಟು ನೋಡಿಕೊಂಡರು. ಅಲ್ಲಿಗೆ ಪಟ್ಟಿಯಿಂದ ತೆಳ್ಳಗೆ ಬಿಸಿ ಹರಿದು ಬರತೊಡಗಿತ್ತು.

"ಕಣ್ಣು ಬಿಡದಿದ್ರೂ ಒಳಗ ಎಚ್ಚರ ಆತಂದ್ರ ಅದೂ ಬಿಸಿ ಕೊಡ್ತೈತ್ರಿ," ಎಂದಳು ಫಕೀರವ್ವ, "ತನ್ನ ಕೈಲಾದಷ್ಟು."