ಆರನೇ ಹಾಡಿನ ಹಾಲು

ಒಲೆಯ ಮೇಲೆ ಹಾಲಿಡದೆ ತಾನು ಸ್ಟೇಜ್ ಹತ್ತುವುದಿಲ್ಲ ಎಂದು ತುಂಗಮ್ಮ ಪಟ್ಟು ಹಿಡಿದು ಕೂತರು. ಹೊರಗೆ ಕೊಪ್ಪದ ಕಲ್ಯಾಣಮಂಟಪ ಆಗಲೇ ತುಂಬಿಹೋಗಿತ್ತು.

"ಹಾಲೇ ಇಲ್ದೆ ಉಕ್ತು ಅಂತ ಹೆಂಗೆ ಹೇಳದು ಕೂಸೆ? ಅಷ್ಟು ಜನರ ಎದುರು ಸುಳ್ಳಾ?"

ಅರ್ಪಣಾ ತಲೆಯ ಮೇಲೆ ಕೈಹೊತ್ತಳು. ಅವಳು ಜಾಜ್ ಹಾಡುಗಾರ್ತಿ. ಅಮೆರಿಕದ ಹಳೆಯ ಜಾಜ್ ಹಾಡುಗಳ ಆಲ್ಬಮ್ಮನ್ನು, ಗಲಾಟೆಯಿಲ್ಲದ ಜಾಗವೆಂದು, ಮೇಗುಂದ ಎಂಬ ಹಳ್ಳಿಯಲ್ಲಿದ್ದ ದೊಡ್ಡಮ್ಮ ತುಂಗಮ್ಮನ ಮನೆಯಲ್ಲೇ ರೆಕಾರ್ಡ್ ಮಾಡಿದ್ದಳು. ಅಗಲಿಕೆಯ ಕುರಿತ ಆರನೇ ಹಾಡಿನಲ್ಲಿ ದನಿ, ವಾದ್ಯ ಎಲ್ಲವೂ ಗಕ್ಕನೆ ನಿಂತು ಮೌನವಾಗುವ ಜಾಗವೊಂದಿತ್ತು. ಅಲ್ಲಿ ಅಡುಗೆಮನೆಯಿಂದ ತುಂಗಮ್ಮನ ದನಿ ಸೇರಿಬಿಟ್ಟಿತ್ತು: "ಹಾಲು ಉಕ್ತು ಕೂಸೆ!"

ಆಲ್ಬಮ್ ಕೇಳಿದವರೆಲ್ಲ ಹೊಗಳಿದ್ದು ಅದನ್ನೇ. ಅಗಲಿಕೆಯ ನೋವು ಇಷ್ಟು ಚೆನ್ನಾಗಿ ಯಾರೂ ಹೇಳಿಲ್ಲ ಎಂದು ವಿಮರ್ಶಕರೊಬ್ಬರು ಬರೆದರು. ಅರ್ಪಣಾ ಆ ದನಿಯನ್ನು ಕತ್ತರಿಸಿ ಮತ್ತೆ ಬಿಡುಗಡೆ ಮಾಡಿದಾಗ ಹಾಡಿನ ಜೀವವೇ ಹೋಯಿತೆಂದು ಎಲ್ಲರೂ ಬೈದರು. ಇವತ್ತಿನ ಪೋಸ್ಟರಿನಲ್ಲಂತೂ ತುಂಗಮ್ಮನದೇ ದೊಡ್ಡ ಫೋಟೋ. ಕೆಳಗೆ ಸಣ್ಣದಾಗಿ, 'ಜೊತೆಗೆ ಅರ್ಪಣಾ'.

ಕೊನೆಗೆ ಕೀಬೋರ್ಡ್ ನುಡಿಸುವ ಶಶಾಂಕ ಮಂಟಪದ ಅಡುಗೆಯವರನ್ನು ಕಾಡಿ ಬೇಡಿ ಗ್ಯಾಸ್ ಒಲೆ ಸ್ಟೇಜಿಗೆ ತಂದಿಟ್ಟ. ಪ್ಯಾಕೆಟ್ ಹಾಲು ಕಂಡು ತುಂಗಮ್ಮ ಮುಖ ಸಿಂಡರಿಸಿದರೂ ಒಪ್ಪಿದರು.

ಮೊದಲ ಐದು ಹಾಡುಗಳಿಗೆ ಜನ ಕೆಮ್ಮಿದರು, ಫೋನ್ ನೋಡಿದರು. ಆರನೆಯದಕ್ಕೆ ತುಂಗಮ್ಮ ಒಳಗಿನಿಂದ ಬಂದು ಒಲೆ ಹಚ್ಚಿದೊಡನೆ ಚಪ್ಪಾಳೆ ಬಿತ್ತು, ಆಮೇಲೆ ಸಭೆಯೇ ಉಸಿರು ಬಿಗಿಹಿಡಿಯಿತು. ಅರ್ಪಣಾ ಹಾಡಿದಳು. ಇವತ್ತಿಗೆ ಇದೇ ಕೊನೆ, ಇನ್ನು ಈ ಹಾಡು ಬೇಡ ಎಂದು ಮನಸ್ಸಿನಲ್ಲೇ ಅಂದುಕೊಂಡು ಹಾಡಿದಳು. ಮೌನದ ಜಾಗ ಬಂತು. ಕಾದಳು. ದನಿ ಬರಲಿಲ್ಲ.

ತಿರುಗಿ ನೋಡಿದರೆ ತುಂಗಮ್ಮ ಕೆನ್ನೆಗೆ ಕೈಕೊಟ್ಟು ಅವಳನ್ನೇ ನೋಡುತ್ತ ಕೂತಿದ್ದಾರೆ. ಹಾಲು ಉಕ್ಕಿ, ಉರಿಯನ್ನು ಆರಿಸಿ, ಕೆಂಪು ಹಾಸಿನ ಮೇಲೆ ಹರಿಯುತ್ತಿದೆ. ಶಶಾಂಕ ಓಡಿಬಂದು ಗ್ಯಾಸ್ ಬಂದ್ ಮಾಡಿದ.

"ದೊಡ್ಡಮ್ಮ, ಹಾಲು" ಎಂದಳು ಅರ್ಪಣಾ ಮೆಲ್ಲಗೆ.

ತುಂಗಮ್ಮನ ಮಾತನ್ನು ಇವಳ್ಯಾಕೆ ಹೇಳಿದ್ದು ಎಂದು ಮುಂದಿನ ಸಾಲಿನವರು ಗೊಣಗಿದರು.

ತುಂಗಮ್ಮ ಒಲೆಯ ಕಡೆ ತಿರುಗಲೂ ಇಲ್ಲ.

"ಅದು ಹೋಗ್ಲಿ," ಎಂದರು. "ನೀ ಹಾಡದು ಎಂತಕ್ಕೆ ನಿಲ್ಸಿದ್ದು?"